ಮಲಗಿದ ಗೆರೆ, ನಿಂತ ಗೆರೆ

ಕುದುರೆಯ ಬೆನ್ನು ಚೆನ್ನಾಗಿ ಕಾಣುತ್ತಿತ್ತು, ಕಾಲುಗಳು ಮಾತ್ರ ಹೊಗೆಯಂತಿದ್ದವು. ಓಡುವ ಕುದುರೆಯ ಕಾಲು ಇನ್ನು ಹೇಗೆ ಕಾಣಬೇಕು ಅಪ್ಪಾ ಎಂದು ಮಗಳು ಸಮಾಧಾನ ಹೇಳಿದಳು. ಆದರೆ ಕುದುರೆಯ ಹಿಂದೆ ಮರದ ಬೇಲಿಯೊಂದಿತ್ತು, ಅದೇನೂ ಓಡುತ್ತಿರಲಿಲ್ಲ. ಬೇಲಿಯ ಅಡ್ಡಪಟ್ಟಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕಂಬಗಳು ಮಾತ್ರ ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಎಡಕ್ಕೂ ಬಲಕ್ಕೂ ಹರಡಿಕೊಂಡಿದ್ದವು. ಪ್ರೊಜೆಕ್ಟರಿನ ಲೆನ್ಸನ್ನು ಚೂರು ತಿರುಗಿಸಿದೆ. ಕಂಬಗಳು ಮೂಡಿದವು, ಪಟ್ಟಿಗಳು ಕರಗಿದವು. ಹಿಂದಕ್ಕೆ ತಿರುಗಿಸಿದೆ. ಪಟ್ಟಿಗಳು ಬಂದವು, ಕಂಬಗಳು ಹೋದವು. ನಡುವೆ ಎಲ್ಲೋ ನಿಲ್ಲಿಸಿದರೆ ಎರಡೂ ಸಮಸಮವಾಗಿ ಮಸುಕು, ನೋಡಿದವರು ‘ಪರವಾಗಿಲ್ಲ’ ಎನ್ನುವಷ್ಟು. ಆ ‘ಪರವಾಗಿಲ್ಲ’ದಲ್ಲೇ ನಾನು ಮೂರು ವಾರ ಕಳೆದೆ.

ಮೈಸೂರಿನ ನಮ್ಮ ಮನೆಯ ಮಹಡಿಯ ಮೇಲೆ 17 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆ ಇದೆ. ಅಮ್ಮ ಇದ್ದಾಗ ಅಲ್ಲಿ ಹಪ್ಪಳ ಸಂಡಿಗೆಯ ಡಬ್ಬಗಳೂ ಮಳೆಗಾಲಕ್ಕೆಂದು ಕಟ್ಟಿಟ್ಟ ಹಾಸಿಗೆಗಳೂ ಇರುತ್ತಿದ್ದವು. ಈಗ ಕಿಟಕಿಗೆ ಕಪ್ಪು ಬಟ್ಟೆ, ಎದುರು ಗೋಡೆಗೆ ಬಿಳಿ ಬಣ್ಣ, ಒಂದು ದಿವಾನ, ನಾಲ್ಕು ಕುರ್ಚಿ, ಮತ್ತು ಗುಜರಿಗೆ ಹೋಗುವ ದಾರಿಯಲ್ಲಿ ನನ್ನ ಕೈಗೆ ಸಿಕ್ಕ ಒಂದು 16 ಎಂಎಂ ಪ್ರೊಜೆಕ್ಟರ್. 24 ವೋಲ್ಟಿನ 250 ವ್ಯಾಟ್ ಹ್ಯಾಲೊಜನ್ ಬಲ್ಬು, 50 ಮಿಲಿಮೀಟರ್ ಲೆನ್ಸು, ಹೊಲಿಗೆ ಯಂತ್ರದಂಥ ಸದ್ದು. ಬೆಂಗಳೂರಿನ ಗೆಳೆಯರು ಗೋಡೆ ತುಂಬುವ ಡಿಜಿಟಲ್ ಪ್ರೊಜೆಕ್ಟರ್ ಇಟ್ಟುಕೊಂಡಿರುವ ಕಾಲದಲ್ಲಿ ಇದೇನು ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ರೀಲು ಸುತ್ತುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ, ಅಷ್ಟೇ.

ತೊಂದರೆ ಶುರುವಾಗಿದ್ದು ಒಂದು ಸ್ಕೋಪ್ ರೀಲು, ಅಂದರೆ ಅಗಲ ಪರದೆಯ ಸಿನಿಮಾಸ್ಕೋಪ್ ಚಿತ್ರದ ರೀಲು, ಸಿಕ್ಕ ಮೇಲೆ. 400 ಅಡಿಯ ಸಣ್ಣ ರೀಲು, 11 ನಿಮಿಷ ಓಡುತ್ತದೆ. ಯಾವುದೋ ಇಂಗ್ಲಿಷ್ ಚಿತ್ರದ ನಡುವಿನ ತುಂಡು. ಹಳೆಯ ಈಸ್ಟ್‌ಮನ್ ಕಲರ್ ಪ್ರಿಂಟುಗಳ ಹಣೆಬರಹದಂತೆ ನೀಲಿ ಹಸಿರೆಲ್ಲ ಆವಿಯಾಗಿ ಆಕಾಶ, ಕುದುರೆ, ಮನುಷ್ಯರು ಎಲ್ಲವೂ ಬೀಟ್‌ರೂಟ್ ರಸದಲ್ಲಿ ಅದ್ದಿ ತೆಗೆದಂತಿವೆ. ಮಾಮೂಲಿ ಲೆನ್ಸಿನಲ್ಲಿ ಹಾಕಿ ನೋಡಿದರೆ ಎಲ್ಲರೂ ಬಿದಿರಿನ ಗಳುವಿನಂತೆ ಎತ್ತರ. ಅಗಲವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿಗೆ ತುಂಬಿಸಿದ್ದಾರೆ. ಅದನ್ನು ಮತ್ತೆ ಎರಡು ಪಟ್ಟು ಹಿಗ್ಗಿಸಲು ಸ್ಕೋಪ್ ಲೆನ್ಸ್ ಬೇಕು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ನಲ್ಲಿ, ಗಡಿಯಾರಗಳ ನಡುವೆ ಅಂಥದ್ದೊಂದು ಬಿದ್ದಿತ್ತು. ಯಾವುದೋ ಚಿತ್ರಮಂದಿರದಿಂದ ಬಂದ 35 ಎಂಎಂ ಕಾಲದ ಹಿತ್ತಾಳೆ ಕೊಳವೆ, ಎರಡು ಕಿಲೋಗೂ ಹೆಚ್ಚು ತೂಕ, ಹೆಸರಿನ ಪಟ್ಟಿ ಉದುರಿ ತಿರುಪಿನ ತೂತು ಮಾತ್ರ ಉಳಿದಿತ್ತು. ಇಂಥ ಲೆನ್ಸುಗಳನ್ನು ಈಗ ವಿಡಿಯೋ ಮಾಡುವ ಹುಡುಗರು ಕ್ಯಾಮೆರಾದ ಮುಂದೆ ಕಟ್ಟಿಕೊಳ್ಳಲು ಹುಡುಕಿಕೊಂಡು ಬರುತ್ತಾರಂತೆ. ಹಾಗಾಗಿ ಅಂಗಡಿಯವನು ಬೆಲೆಯಲ್ಲಿ ಬಗ್ಗಲಿಲ್ಲ.

ಈ ಲೆನ್ಸಿನ ಒಳಗಿರುವುದು ಸಾಮಾನ್ಯ ಭೂತಗಾಜಲ್ಲ. ಲಟ್ಟಣಿಗೆಯನ್ನು ಉದ್ದಕ್ಕೆ ಸೀಳಿ ನೆಟ್ಟಗೆ ನಿಲ್ಲಿಸಿದರೆ ಹೇಗಿರುತ್ತದೋ ಅಂಥ ಗಾಜು. ಮೇಲಿನಿಂದ ಕೆಳಕ್ಕೆ ಕೈಯಾಡಿಸಿದರೆ ಚಪ್ಪಟೆ, ಅಡ್ಡಕ್ಕೆ ಆಡಿಸಿದರೆ ಬಾಗು. ಪ್ರೊಜೆಕ್ಟರಿನ ಕಡೆ ಉಬ್ಬಿದ್ದೊಂದು, ಪರದೆಯ ಕಡೆ ತಗ್ಗಿದ್ದೊಂದು. ಬೆಳಕನ್ನು ಇವು ಅಡ್ಡಕ್ಕೆ ಮಾತ್ರ ಬಾಗಿಸುತ್ತವೆ. ಉದ್ದಕ್ಕೆ ಅವು ಕಿಟಕಿ ಗಾಜಿಗೆ ಸಮ. ಕೈಯಲ್ಲಿ ಹಿಡಿದು ಅದರ ಮೂಲಕ ನೋಡುತ್ತಾ ನಿಧಾನವಾಗಿ ತಿರುಗಿಸಿದರೆ ಎದುರಿನ ಮನುಷ್ಯ ರಬ್ಬರಿನಂತೆ ಒಮ್ಮೆ ಉದ್ದ, ಒಮ್ಮೆ ದಪ್ಪ. ನಮ್ಮ ಮನೆಗೆ ಬರುವ ಮಕ್ಕಳಿಗೆ ಸಿನಿಮಾಕ್ಕಿಂತ ಇದೇ ಹೆಚ್ಚು ಪ್ರಿಯ.

ಇದನ್ನು ಸಿನಿಮಾಕ್ಕೆ ತಂದವರು ಫ್ರಾನ್ಸಿನ ಆನ್ರಿ ಕ್ರೆತಿಯಾಂ ಎಂಬ ಖಗೋಳ ವಿಜ್ಞಾನಿ. 1927ರಲ್ಲೇ ಅವರು ಹೈಪರ್‌ಗೊನಾರ್ ಎಂಬ ಹೆಸರಿನಲ್ಲಿ ಈ ಲೆನ್ಸನ್ನು ತೋರಿಸಿದ್ದರು, ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಟಿವಿ ಬಂದು ಅಮೆರಿಕದ ಚಿತ್ರಮಂದಿರಗಳು ಬಣಗುಡಲು ಶುರುವಾದ ಮೇಲೆ, 1952ರ ಕೊನೆಯಲ್ಲಿ ಫಾಕ್ಸ್ ಕಂಪನಿಯವರು ಪ್ಯಾರಿಸ್ಸಿಗೆ ಓಡಿಬಂದು ಅದನ್ನು ಕೊಂಡು ಸಿನಿಮಾಸ್ಕೋಪ್ ಎಂದು ಹೆಸರಿಟ್ಟರು. ಮರುವರ್ಷವೇ ಮೊದಲ ಚಿತ್ರ ತೆರೆಕಂಡಿತು. ಇದೇ ಕ್ರೆತಿಯಾಂ ರಿಚಿ ಎಂಬ ಅಮೆರಿಕದವರ ಜೊತೆ ಸೇರಿ ರೂಪಿಸಿದ ಕನ್ನಡಿಗಳ ವಿನ್ಯಾಸವನ್ನೇ ಹಬಲ್ ದೂರದರ್ಶಕದಲ್ಲಿ ಬಳಸಿದ್ದಾರೆ. 1990ರಲ್ಲಿ ಹಬಲ್ ಮೇಲಕ್ಕೆ ಹೋದಾಗ ಅದರ ಚಿತ್ರಗಳು ಮಸುಕಾಗಿ ಬಂದವು. ದೊಡ್ಡ ಕನ್ನಡಿಯನ್ನು ಉಜ್ಜುವಾಗ ಅಳತೆ ತಪ್ಪಿತ್ತು. 1993ರಲ್ಲಿ ಗಗನಯಾತ್ರಿಗಳು ಹೋಗಿ ಅದಕ್ಕೆ ಕನ್ನಡಕ ತೊಡಿಸಿ ಬಂದರು. ತಪ್ಪು ಕ್ರೆತಿಯಾಂರದ್ದಲ್ಲ, ಆ ಹೊತ್ತಿಗೆ ಅವರು ತೀರಿಕೊಂಡು ದಶಕಗಳೇ ಆಗಿದ್ದವು. ಆದರೂ ಮೂರು ವಾರ ಬೇಲಿಯ ಕಂಬ ನೋಡುತ್ತಾ ಕುಳಿತ ನನಗೆ ಈ ಸಂಗತಿಯಿಂದ ಒಂದಿಷ್ಟು ಧೈರ್ಯ ಬಂದದ್ದು ನಿಜ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಗುರುದತ್ತರ ‘ಕಾಗಜ್ ಕೆ ಫೂಲ್’. 1959ರದ್ದು. ಅದರ ಛಾಯಾಗ್ರಾಹಕ ವಿ. ಕೆ. ಮೂರ್ತಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬವನ್ನು ಅವರು ದೊಡ್ಡ ಕನ್ನಡಿಗಳಲ್ಲಿ ಬಿಸಿಲು ಹಿಡಿದು ಒಳಕ್ಕೆ ಬಿಟ್ಟು ಸೃಷ್ಟಿಸಿದರು. ಚಿತ್ರ ಆಗ ಸೋತಿತು. ಆ ಬೆಳಕು ಮಾತ್ರ ಇವತ್ತಿಗೂ ಪಾಠದಂತೆ ಉಳಿದಿದೆ. ಕನ್ನಡಕ್ಕೆ ಸ್ಕೋಪ್ ಬರಲು 1977ರ ‘ಸೊಸೆ ತಂದ ಸೌಭಾಗ್ಯ’ದವರೆಗೆ ಕಾಯಬೇಕಾಯಿತು.

ಈ ಕೊನೆಯ ಸಂಗತಿಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ. ಹಾಸನದ ಕಡೆ ಟೂರಿಂಗ್ ಟಾಕೀಸಿನಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿ, ಆಮೇಲೆ ಒಂದು ಪಟ್ಟಣದ ಚಿತ್ರಮಂದಿರದಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಆ ಚಿತ್ರಮಂದಿರ ಈಗ ಕಲ್ಯಾಣ ಮಂಟಪವಾಗಿದೆ. ಮಾವ ಅಲ್ಲಿಗೆ ಊಟಕ್ಕೆ ಹೋದಾಗಲೆಲ್ಲ ಕೈ ತೊಳೆಯುವ ಜಾಗದಲ್ಲಿ ನಿಂತು ಮೇಲೆ ನೋಡುತ್ತಾರೆ. ಅವರ ಬೂತು ಇದ್ದದ್ದು ಅದರ ನೇರಕ್ಕೆ.

ಅವರ ಕಾಲದಲ್ಲಿ ಪ್ರತಿ ಆಟಕ್ಕೂ ಮೊದಲು ಸರ್ಕಾರದ ನ್ಯೂಸ್ ರೀಲು ಕಡ್ಡಾಯ. ಅದು ಮಾಮೂಲಿ ಅಳತೆಯದ್ದು. ಮುಖ್ಯ ಚಿತ್ರ ಸ್ಕೋಪ್ ಆದರೆ ನಡುವಿನ ಅರೆಗಳಿಗೆಯಲ್ಲಿ ಗೇಟಿನ, ಅಂದರೆ ಬೆಳಕಿನ ಮುಂದೆ ಫಿಲ್ಮು ಹಾದುಹೋಗುವ ಕಿಂಡಿಯ, ತಗಡು ಬದಲಿಸಬೇಕು, ಲೆನ್ಸು ಬದಲಿಸಬೇಕು, ಪರದೆಯ ಪಕ್ಕದ ಕಪ್ಪು ಬಟ್ಟೆ ಸರಿಸಬೇಕು. ಆ ಕಪ್ಪು ಬಟ್ಟೆ ಎರಡೂ ಕಡೆಗೆ ಸರಿದು ಪರದೆ ಅಗಲವಾಗುವಾಗ ಬೀಳುತ್ತಿದ್ದ ಶಿಳ್ಳೆ ನಾಯಕನ ಪ್ರವೇಶಕ್ಕೂ ಬೀಳುತ್ತಿರಲಿಲ್ಲ ಎಂದು ಮಾವ ಇಂದಿಗೂ ಹೇಳುತ್ತಾರೆ. ಅದು ತಮಗೇ ಬಿದ್ದ ಶಿಳ್ಳೆ ಎಂಬುದು ಅವರ ನಂಬಿಕೆ, ನಾನೂ ಅದನ್ನು ಒಪ್ಪುತ್ತೇನೆ. ಒಂದು ದಿನ ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಮಾಡುವ ಗಡಿಬಿಡಿಯಲ್ಲಿ ಸ್ಕೋಪ್ ಲೆನ್ಸ್ ಹಾಕುವುದನ್ನೇ ಮರೆತರಂತೆ. ನಾಯಕಿ ತೆಂಗಿನ ಮರದಷ್ಟು ಎತ್ತರವಾಗಿ ಬಂದಳು. “ಲೆನ್ಸ್ ಹಾಕಯ್ಯಾ!” ಎಂದು ಗಾಂಧಿ ಕ್ಲಾಸಿನಿಂದ ಕೂಗು. ಆ ಊರಿನಲ್ಲಿ ಲೆನ್ಸ್ ಎಂಬ ಪದ ಎಲ್ಲರ ಬಾಯಿಗೂ ಬಂದದ್ದು ಆವತ್ತೇ ಇರಬೇಕು.

ನಮ್ಮ ಮನೆಗೆ ಬಂದವರೇ ಮಾವ ಬೇಲಿಯನ್ನು ಎರಡು ನಿಮಿಷ ನೋಡಿದರು. ನಾನು ಎರಡೂ ಕೈಯಲ್ಲಿ ಎರಡು ಲೆನ್ಸನ್ನೂ ತಿರುಗಿಸುತ್ತಿದ್ದೆ. ಕೈಮೇಲೆ ಒಂದು ಏಟು ಹಾಕಿದರು.

“ಒಂದು ಬಿಡು. ಮಲಗಿದ ಗೆರೆ ಒಳಗಿನ ಲೆನ್ಸಿನದು. ನಿಂತ ಗೆರೆ ಸ್ಕೋಪಿನದು. ಎರಡನ್ನೂ ಒಟ್ಟಿಗೆ ನೋಡಿದರೆ ಯಾವುದೂ ಕಾಣುವುದಿಲ್ಲ.”

ಅವರ ವಿಧಾನ ಇಷ್ಟೇ. ಮೊದಲು ಫ್ರೇಮಿನ ತಿರುಪು ತಿರುಗಿಸಿ ಎರಡು ಚೌಕಟ್ಟುಗಳ ನಡುವಿನ ಕಪ್ಪು ಗೆರೆಯನ್ನು ಪರದೆಯ ನಡುವೆ ತರುವುದು. ಅದು ನಿಖರವಾದ ಮಲಗಿದ ಗೆರೆ, ಯಾವ ಚಿತ್ರದಲ್ಲೂ ಇರುತ್ತದೆ. ಅದರ ಅಂಚು ಕತ್ತರಿಸಿದಂತೆ ಕಾಣುವವರೆಗೆ ಪ್ರೊಜೆಕ್ಟರಿನ ಒಳಗಿನ ಲೆನ್ಸನ್ನು ತಿರುಗಿಸುವುದು, ಆಮೇಲೆ ಅದನ್ನು ಮುಟ್ಟದಿರುವುದು. ಸ್ಕೋಪ್ ಲೆನ್ಸ್ ಉದ್ದಕ್ಕೆ ಕಿಟಕಿ ಗಾಜಿಗೆ ಸಮ ಎಂದೆನಲ್ಲ, ಅದನ್ನು ಎಷ್ಟು ತಿರುಗಿಸಿದರೂ ಈ ಗೆರೆ ಕೆಡುವುದಿಲ್ಲ. ನಂತರ ಫ್ರೇಮನ್ನು ಜಾಗಕ್ಕೆ ತಂದು ನಿಂತ ಗೆರೆಗಳನ್ನು ಹುಡುಕಬೇಕು. ಹಳೆಯ ಪ್ರಿಂಟುಗಳಲ್ಲಿ ಇದಕ್ಕೆ ಬರವಿಲ್ಲ, ಫಿಲ್ಮು ಓಡಿ ಓಡಿ ಉದ್ದಕ್ಕೆ ಬಿದ್ದ ಗೀರುಗಳು ಪರದೆಯ ಮೇಲೆ ಮಳೆಯಂತೆ ಸುರಿಯುತ್ತಿರುತ್ತವೆ. ಜನ ಬೈಯುತ್ತಿದ್ದ ಆ ಮಳೆಯೇ ಮಾವನಿಗೆ ಅಳತೆಪಟ್ಟಿ. ಮಳೆ ದಾರದಂತಾಗುವವರೆಗೆ ಸ್ಕೋಪಿನ ಉಂಗುರ ತಿರುಗಿಸು ಎನ್ನುತ್ತಿದ್ದರು.

ಫಿಲ್ಮಿನ ಕಾಳನ್ನು, ಅಂದರೆ ಚಿತ್ರ ಮೂಡಿರುವ ಸಣ್ಣ ಸಣ್ಣ ಚುಕ್ಕೆಗಳನ್ನು, ನೋಡಿದರೂ ತಿಳಿಯುತ್ತದೆ. ಪರದೆಯಿಂದ ಎರಡಡಿ ದೂರದಲ್ಲಿ ನಿಂತು ಆಕಾಶದ ಭಾಗವನ್ನು ನೋಡಿ. ಅಡ್ಡಕ್ಕೆ ಫೋಕಸ್ ತಪ್ಪಿದ್ದರೆ ಪ್ರತಿ ಕಾಳೂ ಜೀರಿಗೆಯಂತೆ ಮಲಗಿರುತ್ತದೆ. ಉದ್ದಕ್ಕೆ ತಪ್ಪಿದ್ದರೆ ಜೀರಿಗೆ ಎದ್ದು ನಿಲ್ಲುತ್ತದೆ. ಎರಡೂ ಕೂಡಿಬಂದ ಗಳಿಗೆಯಲ್ಲಿ ಆಕಾಶ ಕುದಿಯುವ ರವೆಯ ಹಾಗೆ ಜೀವ ತಳೆಯುತ್ತದೆ. ಮುಖದ ದೃಶ್ಯವಾದರೆ ತುಟಿಗಳ ನಡುವಿನ ಗೆರೆ ಒಳಗಿನ ಲೆನ್ಸಿಗೆ, ರೆಪ್ಪೆಯ ಕೂದಲು ಸ್ಕೋಪಿಗೆ.

ಹಾಗೆಂದು ಆವತ್ತು ಮಾವನಿಂದಲೂ ಕೆಲಸ ಆಗಲಿಲ್ಲ. ಉಂಗುರ ಕೊನೆಯವರೆಗೆ ತಿರುಗಿ ಕಟ್ ಎಂದು ನಿಂತಿತು, ಮಳೆ ಇನ್ನೂ ಹಗ್ಗದಷ್ಟು ದಪ್ಪವಿತ್ತು. ಬ್ಯಾಟರಿ ಹಿಡಿದು ನೋಡಿದರೆ ಉಂಗುರದ ಮೇಲಿನ ಕೊನೆಯ ಗುರುತು 40 ಅಡಿ. ನಮ್ಮ ಕೋಣೆಯಲ್ಲಿ ಲೆನ್ಸಿನಿಂದ ಗೋಡೆಗೆ 13 ಅಡಿ. ಮಾವನ ಬೂತಿನಿಂದ ಪರದೆಗೆ ನೂರಿಪ್ಪತ್ತು ಅಡಿ ಇತ್ತು. “ನನ್ನ ಸರ್ವೀಸಿನಲ್ಲಿ ಈ ಉಂಗುರವನ್ನು ಈ ತುದಿಗೆ ತಿರುಗಿಸಿದ್ದೇ ಇಲ್ಲ” ಎಂದರು.

ದೊಡ್ಡ ಮಂದಿರದಲ್ಲಿ ಸುಲಭವಾದದ್ದು ಸಣ್ಣ ಕೋಣೆಯಲ್ಲಿ ಕಷ್ಟ ಎಂದರೆ ಮೊದಲು ನಂಬಿಕೆ ಬರಲಿಲ್ಲ. ನೂರಡಿಯಾಚೆ ಹೋಗುವ ಬೆಳಕು ಹೆಚ್ಚುಕಡಿಮೆ ಸಮಾನಾಂತರವಾಗಿ ಹೊರಡುತ್ತದೆ, ಲೆನ್ಸಿನ ಪಾಲಿಗೆ ಅದು ಅನಂತ ದೂರವೇ. ಹತ್ತಿರದ ಗೋಡೆಗೆ ಬೆಳಕು ಕೂಡಿಬರಬೇಕಾದರೆ ಎರಡು ಉರುಳೆ ಗಾಜುಗಳ ನಡುವಿನ ಅಂತರ ಹೆಚ್ಚಬೇಕು, ಮುಂದಿನ ಗಾಜು ಹೊರಕ್ಕೆ ಬರಬೇಕು. ನಮ್ಮ ಹಿತ್ತಾಳೆ ಕೊಳವೆಯಲ್ಲಿ ಅಷ್ಟು ಉದ್ದದ ತಿರುಪು ಇರಲಿಲ್ಲ. ಹತ್ತಿರದ ತಕರಾರು ಕ್ಯಾಮೆರಾದವರನ್ನೂ ಬಿಟ್ಟಿಲ್ಲ. ಮೊದಮೊದಲ ಸ್ಕೋಪ್ ಕ್ಯಾಮೆರಾ ಲೆನ್ಸುಗಳು ಹತ್ತಿರದ ಮುಖವನ್ನು ಎರಡು ಪಟ್ಟಿಗಿಂತ ಕಡಿಮೆ ಹಿಂಡುತ್ತಿದ್ದವು, ಚಿತ್ರಮಂದಿರದ ಲೆನ್ಸು ಮಾತ್ರ ಶಿಸ್ತಾಗಿ ಎರಡು ಪಟ್ಟು ಹಿಗ್ಗಿಸುತ್ತಿತ್ತು. ಕ್ಲೋಸಪ್ಪಿನಲ್ಲಿ ತಾರೆಯರ ಕೆನ್ನೆ ಊದಿಕೊಳ್ಳುತ್ತಿತ್ತು. ಇದಕ್ಕೆ ಹಾಲಿವುಡ್ಡಿನವರು ಇಟ್ಟ ಹೆಸರು ಮಂಗನಬಾವು. ಅದಕ್ಕೆ ಮದ್ದು ಕಂಡುಹಿಡಿದೇ ಪ್ಯಾನವಿಷನ್ ಕಂಪನಿ ಮೇಲೆ ಬಂದದ್ದು. ಅದು ಕೂಡ ಮೊದಲು ಅಂಗಡಿ ತೆರೆದದ್ದು ಚಿತ್ರಮಂದಿರಗಳಿಗೆ ಪ್ರೊಜೆಕ್ಟರ್ ಲೆನ್ಸು ಮಾರಲು.

ಡಿಜಿಟಲ್ ಗೆಳೆಯರಿಗೂ ಈ ಕಾಟ ತಪ್ಪಿದ್ದಲ್ಲ ಎಂದು ಆಮೇಲೆ ತಿಳಿಯಿತು. 1080 ಸಾಲುಗಳ ಪ್ರೊಜೆಕ್ಟರಿನಲ್ಲಿ ಸ್ಕೋಪ್ ಚಿತ್ರ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಸುಮಾರು 800 ಸಾಲು ಮಾತ್ರ ಉಪಯೋಗಕ್ಕೆ ಬರುತ್ತವೆ. ಅದನ್ನು ಉಳಿಸಲೆಂದು ಚಿತ್ರವನ್ನು ಉದ್ದಕ್ಕೆ ಎಳೆದು ಎಲ್ಲ ಸಾಲುಗಳನ್ನೂ ತುಂಬಿಸಿ, ಮುಂದೆ 1.33 ಪಟ್ಟು ಅಗಲ ಮಾಡುವ ಲೆನ್ಸ್ ಇಡುವವರಿದ್ದಾರೆ. ಅವರದ್ದೂ ಇದೇ ಗೋಳು, ಜೊತೆಗೆ ಚಿತ್ರದ ಅಂಚುಗಳು ದಿಂಬಿನ ಹಾಗೆ ಒಳಕ್ಕೆ ಬಾಗುವ ಗೋಳು ಬೇರೆ.

ನಮ್ಮ 13 ಅಡಿಗೆ ಮದ್ದು ಸಿಕ್ಕಿದ್ದು ಕನ್ನಡಕದ ಅಂಗಡಿಯಲ್ಲಿ. ಲೆಕ್ಕ ಸರಳ. ಎರಡು ಲೆನ್ಸನ್ನೂ ಅನಂತ ದೂರಕ್ಕೆ ಹೊಂದಿಸಿ ಬೆಳಕನ್ನು ಸಮಾನಾಂತರವಾಗಿ ಹೊರಗೆ ಬಿಡುವುದು. ಅದರ ಮುಂದೆ, ಗೋಡೆಯ ದೂರಕ್ಕೆ ಸಮನಾದ ನಾಭಿದೂರದ ಒಂದು ತೆಳು ಉಬ್ಬುಗಾಜು ಇಟ್ಟರೆ ಮಲಗಿದ ಗೆರೆ, ನಿಂತ ಗೆರೆ ಎಂಬ ಭೇದವಿಲ್ಲದೆ ಎಲ್ಲವನ್ನೂ ಅದು ಗೋಡೆಯ ಮೇಲೆ ಕೂಡಿಸುತ್ತದೆ. 13 ಅಡಿ ಅಂದರೆ ನಾಲ್ಕು ಮೀಟರು. ಗಾಜಿನ ಪವರ್ ತಿಳಿಯಲು ಒಂದನ್ನು ಈ ನಾಲ್ಕರಿಂದ ಭಾಗಿಸಿದರೆ 0.25. ಕನ್ನಡಕದವರ ಭಾಷೆಯಲ್ಲಿ ‘ಪ್ಲಸ್ ಪಾಯಿಂಟ್ ಇಪ್ಪತ್ತೈದು’. ಪುಣ್ಯಕ್ಕೆ ಅವರ ನಂಬರುಗಳು ಏರುವುದೇ ಕಾಲು ಕಾಲಾಗಿ.

ಅಂಗಡಿಯ ಹುಡುಗ ನನ್ನನ್ನೂ ಚೀಟಿಯನ್ನೂ ನೋಡಿದ.

“ಸರ್, ಇದು ನಂಬರೇ ಅಲ್ಲ. ಈ ಪವರಿಗೆ ಯಾರೂ ಕನ್ನಡಕ ಹಾಕುವುದಿಲ್ಲ.”

“ಕನ್ನಡಕಕ್ಕಲ್ಲ. ಕತ್ತರಿಸಬೇಡಿ, ದುಂಡಗೆ ಹಾಗೇ ಕೊಡಿ. ಒಂದೇ ಸಾಕು.”

“ಒಂದೇ ಕಣ್ಣಿಗೆ?”

ಪ್ರೊಜೆಕ್ಟರಿಗೆ ಎಂದೆ. ಅವನು ಒಳಗೆ ಹೋಗಿ ಮಾಲೀಕರನ್ನು ಕರೆತಂದ. ಅವರು ಕುತೂಹಲದಿಂದ ಎಲ್ಲ ಕೇಳಿಕೊಂಡು, ಬಂದದ್ದು ಬಂದಿದ್ದೀರಿ, ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಬಿಡೋಣವೇ ಎಂದರು. ವ್ಯಾಪಾರದ ಮಾತು ಎಂದುಕೊಂಡು, ಓದುವ ಕನ್ನಡಕ ಇದೆ, ದೂರದ್ದು ಚೆನ್ನಾಗಿ ಕಾಣುತ್ತದೆ ಎಂದು ಹೇಳಿ ಲೆನ್ಸನ್ನು ಜೇಬಿಗಿಟ್ಟುಕೊಂಡು ಬಂದೆ. ಈ ಮಾತು ನೆನಪಿರಲಿ.

70 ಮಿಲಿಮೀಟರಿನ ಆ ದುಂಡು ಗಾಜು ಸ್ಕೋಪಿನ ಬಾಯಿಗಿಂತ ಚಿಕ್ಕದು. ಆದರೆ 16 ಎಂಎಂ ಪ್ರೊಜೆಕ್ಟರಿನ ಬೆಳಕಿಗೆ ಆ ಬಾಯಿ ಪೂರ್ತಿ ಬೇಕಿಲ್ಲ. ರಟ್ಟಿನ ಬಳೆ ಮಾಡಿ ಕೂರಿಸಿದೆ. ಲೆನ್ಸಿನ ಭಾರಕ್ಕೆ ಪ್ರೊಜೆಕ್ಟರಿನ ಮೂತಿ ಬಾಗದಂತೆ ಅಡಿಗೆ ಮರದ ಕೊರಡು. ಎರಡು ಲೆನ್ಸುಗಳ ನಡುವೆ ಬೆರಳು ತೂರುವಷ್ಟೂ ಸಂದು ಬಿಡಲಿಲ್ಲ, ಬಿಟ್ಟರೆ ಚಿತ್ರದ ಮೂಲೆಗಳು ಕತ್ತಲಾಗುತ್ತವೆ. ಸ್ಕೋಪ್ ನೆಟ್ಟಗೆ ಕೂತಿದೆಯೇ ಎಂದು ನೋಡುವುದು ಇನ್ನೊಂದು ಕೆಲಸ. ಕೂದಲೆಳೆಯಷ್ಟು ವಾಲಿದರೂ ಚಿತ್ರ ವಾಲುವುದಿಲ್ಲ, ಸೊಟ್ಟಗಾಗುತ್ತದೆ. ಚೌಕ ಬಾಗಿಲು ಗಾಳಿಗೆ ಸಿಕ್ಕ ತಟ್ಟಿಯಂತಾಗುತ್ತದೆ. ಇದಕ್ಕೆಂದು ಕಪ್ಪು ಫಿಲ್ಮಿನ ತುಂಡಿನ ಮೇಲೆ ಸೂಜಿಯಿಂದ ಗೀರಿ ಕೂಡುವ ಚಿಹ್ನೆಗಳನ್ನು ಮಾಡಿ, ತುದಿಗೆ ತುದಿ ಅಂಟಿಸಿ ಬಳೆಯಾಗಿಸಿ ಓಡಿಸಿದೆ. ಪರದೆಯ ಪಕ್ಕದಲ್ಲಿ ಗಾರೆಯವರು ಗೋಡೆಗೆ ಇಳಿಬಿಡುವ ತೂಕದ ಗುಂಡನ್ನು ನೇತುಹಾಕಿದ್ದೆ. ಸೂಜಿಯ ಗೆರೆ ಆ ದಾರಕ್ಕೆ ಒಪ್ಪುವವರೆಗೆ ಕೊಳವೆಯನ್ನು ತಿರುಗಿಸಬೇಕು. ನನ್ನ ಸೂಜಿ ಕೆಲಸ ಅಷ್ಟೇನೂ ನೆಟ್ಟಗಿಲ್ಲದ್ದರಿಂದ ಚಿಹ್ನೆಗಳು ಪರದೆಯ ಮೇಲೆ ಕುಣಿಯುತ್ತಿದ್ದವು. ಸರಾಸರಿ ನೋಡಿಕೊಂಡೆ.

ಒಳಗಿನ ಲೆನ್ಸನ್ನು ಅನಂತಕ್ಕೆ ಹೊಂದಿಸಲು ದೂರದ ಗೋಡೆ ಬೇಕಲ್ಲ. ರಾತ್ರಿ ಹತ್ತರ ಮೇಲೆ ಕಿಟಕಿಯ ಕಪ್ಪು ಬಟ್ಟೆ ತೆಗೆದು, ಸ್ಕೋಪನ್ನೂ ತೆಳು ಗಾಜನ್ನೂ ಬದಿಗಿಟ್ಟು, ಖಾಲಿ ಸೈಟಿನಾಚೆಯ ಮನೆಯ ಗೋಡೆಗೆ ಬೆಳಕು ಬಿಟ್ಟೆ. ಎರಡಾಳು ಎತ್ತರದ ಕೂಡುವ ಚಿಹ್ನೆ ಅವರ ಗೋಡೆಯ ಮೇಲೆ ನಡುಗುತ್ತಾ ನಿಂತಿತು. ಅದು ಸ್ಪಷ್ಟವಾಗುವ ಹೊತ್ತಿಗೆ ಆ ಮನೆಯ ಅಜ್ಜಿ ಬಾಲ್ಕನಿಗೆ ಬಂದರು. “ಏನಪ್ಪಾ, ನಮ್ಮ ಮನೆಯನ್ನು ಆಸ್ಪತ್ರೆ ಮಾಡಿಬಿಟ್ಟೆಯಾ?” ಮರುದಿನ ಹೋಗಿ ವಿವರಿಸಿದೆ. ಸಿನಿಮಾ ಆದರೆ ನಮ್ಮ ಗೋಡೆಗೇ ಬಿಡು, ಕುರ್ಚಿ ಹಾಕಿಕೊಂಡು ನೋಡುತ್ತೇನೆ ಎಂದರು.

ಇಷ್ಟೆಲ್ಲ ಆದ ಮೇಲೆ ಕುದುರೆಯ ರೀಲು ಹಾಕಿದೆವು. ಹತ್ತು ನಿಮಿಷ ಕಾದೆವು, ಬಲ್ಬಿನ ಶಾಖಕ್ಕೆ ಗೇಟು, ಲೆನ್ಸು ಎಲ್ಲ ಬಿಸಿಯಾಗುವವರೆಗೆ ಫೋಕಸ್ ಜಾರುತ್ತಲೇ ಇರುತ್ತದೆ. ಕೊನೆಯ ಚೂರು ಸರಿಪಡಿಸಲು ಲೆನ್ಸಿಗಿಂತ ಮೇಜೇ ಒಳ್ಳೆಯದು ಎಂದು ಅಷ್ಟರಲ್ಲಿ ಕಲಿತಿದ್ದೆ. ತೆಳು ಗಾಜಿನ ನಾಭಿದೂರ ಬದಲಾಗದು, ನಾವೇ ಮೇಜನ್ನು ಅಂಗುಲ ಎಳೆದು ಅದರ ದಾರಿಗೆ ಬರಬೇಕು. ಬೇಲಿಯ ಪಟ್ಟಿಗಳು ಬಂದವು. ಕಂಬಗಳೂ ಬಂದವು. ಮೂರು ವಾರದ ಹಿಂದಿನ ಹೊಗೆಗೆ ಹೋಲಿಸಿದರೆ ಸ್ವರ್ಗ. ಆದರೂ ನನಗೆ ಕಂಬದ ಅಂಚಿನಲ್ಲಿ ಎಲ್ಲೋ ಒಂದು ನೆರಳು. ಸ್ಕೋಪಿನ ಉಂಗುರ ತಿರುಗಿಸಿದೆ. ಹೆಚ್ಚಾಯಿತು. ಹಿಂದಕ್ಕೆ ತಿರುಗಿಸಿದೆ. ಕಡಿಮೆಯಾಯಿತು, ಹೋಗಲಿಲ್ಲ. ಮೇಜು ಎಳೆದೆ, ತಳ್ಳಿದೆ.

“ಸರಿಯಾಗಿದೆಯಲ್ಲೋ, ಇನ್ನೇಕೆ ಮುಟ್ಟುತ್ತೀಯಾ?” ಮಾವ ಕೇಳಿದರು.

“ಕಂಬ ನೋಡಿ ಮಾವ, ಜೋಡಿಯಾಗಿ ಕಾಣುತ್ತದೆ.”

“ನನಗೆ ಕಾಣುವುದಿಲ್ಲ. ನಿನಗೆ ಕಾಣುತ್ತದೇನಮ್ಮ?” ಮಗಳಿಗೂ ಕಾಣಲಿಲ್ಲ. ಮಾವನಿಗೆ ಎಪ್ಪತ್ತಾರು. ಎರಡು ಕಣ್ಣಿಗೂ ಪೊರೆ ಶಸ್ತ್ರಚಿಕಿತ್ಸೆಯಾಗಿದೆ. ಅವರಿಗೆ ಕಾಣದ್ದು ನನಗೆ ಕಾಣುತ್ತಿದೆ ಎಂದು ನಾನು ಒಳಗೊಳಗೇ ಬೀಗಿದೆ ಎಂದು ಒಪ್ಪಿಕೊಳ್ಳಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ದಿವಾನದ ಮೇಲೆ ಮಲಗು” ಎಂದರು. “ಬೋರಲಲ್ಲ. ಮಗ್ಗುಲಾಗಿ. ಕಿವಿ ದಿಂಬಿಗೆ ತಾಗಬೇಕು. ಈಗ ನೋಡು.”

ನೋಡಿದೆ. ಕಂಬಗಳು ಗರಿಗರಿ. ಮಸುಕೆಲ್ಲ ಅಡ್ಡಪಟ್ಟಿಗಳಿಗೆ ಹೋಗಿತ್ತು.

ಎದ್ದು ಕುಳಿತೆ, ಮಸುಕು ಕಂಬಕ್ಕೆ ಮರಳಿತು. ಮತ್ತೆ ಮಲಗಿದೆ, ಪಟ್ಟಿಗೆ ಹೋಯಿತು. ತಪ್ಪು ಲೆನ್ಸಿನಲ್ಲಿದ್ದರೆ ನಾನು ಹೇಗೆ ಮಲಗಿದರೂ ಅದು ಕಂಬದಲ್ಲೇ ಇರಬೇಕಿತ್ತು. ಅದು ನನ್ನ ತಲೆಯ ಜೊತೆ ಓಡಾಡುತ್ತಿತ್ತು. ಮಗಳು ನಕ್ಕಳು. ಮಾವ ನಗಲಿಲ್ಲ. ಬೂತಿನಲ್ಲಿ ಅವರ ಕೈಕೆಳಗಿದ್ದ ಹುಡುಗನೊಬ್ಬ ಹೀಗೇ ವರ್ಷಗಟ್ಟಲೆ ಫೋಕಸ್ ಕೆಡಿಸಿ ಮಾಲೀಕರಿಂದ ಬೈಸಿಕೊಂಡಿದ್ದನಂತೆ. ಕನ್ನಡಕ ಹಾಕಿಸಿದ ಮೇಲೆ ಅವನೇ ಆ ತಾಲ್ಲೂಕಿಗೆ ಒಳ್ಳೆಯ ಆಪರೇಟರ್.

ಅಂಗಡಿಯ ಮಾಲೀಕರು ನನ್ನನ್ನು ಮತ್ತೆ ನೋಡಿ ಏನೂ ಹೇಳಲಿಲ್ಲ, ಕುರ್ಚಿ ತೋರಿಸಿದರು. ಚೀಟಿಯಲ್ಲಿ ಎರಡೂ ಕಣ್ಣಿಗೆ ಬರೆದದ್ದು: ಸಿಲಿಂಡರ್ ಮೈನಸ್ 0.75, ಆಕ್ಸಿಸ್ 90. ಐವತ್ತು ದಾಟಿದವರಲ್ಲಿ ಹೀಗೆ ಬರುವುದು ಮಾಮೂಲು ಎಂದರು. ಸಿಲಿಂಡರ್ ಅಂದರೆ ಉರುಳೆ ತಾನೇ ಎಂದು ಕೇಳಿದೆ. ಹೌದು, ಈ ಗಾಜು ಒಂದು ದಿಕ್ಕಿನಲ್ಲಿ ಮಾತ್ರ ಬೆಳಕನ್ನು ಬಾಗಿಸುತ್ತದೆ, 90 ಎಂದರೆ ಅದನ್ನು ನೆಟ್ಟಗೆ ನಿಲ್ಲಿಸಬೇಕು ಎಂದು ವಿವರಿಸಲು ಹೊರಟರು. ಗೊತ್ತು, ಮನೆಯಲ್ಲಿ ಎರಡು ಕಿಲೋದ್ದು ಒಂದಿದೆ ಎಂದೆ.

ಕನ್ನಡಕ ಬಂದದ್ದು ಶನಿವಾರ. ಸಂಜೆ ಮಾವ, ಮಗಳು, ಎದುರು ಮನೆಯ ಅಜ್ಜಿ ಎಲ್ಲರೂ ಮಹಡಿಗೆ ಬಂದರು. ಗೋಡೆಯ ಮೇಲೆ ಚಿತ್ರ ಐದಡಿ ಅಗಲ, ಎರಡಡಿಗೂ ಚೂರು ಕಡಿಮೆ ಎತ್ತರ. ಅಜ್ಜಿಗೆ ಇಷ್ಟೇನಾ ಅನ್ನಿಸಿರಬೇಕು, ಅವರ ಗೋಡೆ ಇದಕ್ಕಿಂತ ಬಹಳ ದೊಡ್ಡದು. ಕುದುರೆ ಓಡಿತು. ಕಂಬಗಳನ್ನು ಎಣಿಸಿದೆ, ಹದಿನಾಲ್ಕು. ಮೂರನೆಯದರ ಮೇಲೆ ಒಂದು ಹಕ್ಕಿ ಕೂತಿತ್ತು. ಮೂರು ವಾರ ಅದನ್ನು ನಾನು ಕಂಬದ ತುದಿ ಎಂದುಕೊಂಡಿದ್ದೆ.

ಆಗ ಗೇಟಿನಲ್ಲಿ ಎಲ್ಲಿಂದಲೋ ಒಂದು ಕೂದಲು ಬಂದು ಸಿಕ್ಕಿಕೊಂಡಿತು. ಚಿತ್ರದ ಬಲಗಡೆ ನೆಟ್ಟಗೆ ನಿಂತು ತೂಗುತ್ತಿತ್ತು, ಕಪ್ಪಗೆ, ಬೆರಳಗಲ. ನಮ್ಮ ಲೆನ್ಸುಗಳು ಉದ್ದಕ್ಕೆ 80 ಪಟ್ಟು ದೊಡ್ಡದು ಮಾಡಿದರೆ ಅಡ್ಡಕ್ಕೆ 160 ಪಟ್ಟು ಮಾಡುತ್ತವೆ, ನಿಂತ ಕೂದಲಿಗೆ ಎರಡು ಪಟ್ಟು ದಪ್ಪ. ಊದಿ ತೆಗೆಯಲು ಎದ್ದೆ. ಮಾವ ಕೈ ಹಿಡಿದು ಕೂರಿಸಿದರು.

“ಇರಲಿ ಬಿಡು. ನಿಂತಿದೆ. ಸ್ಕೋಪ್ ನೋಡಲು ಇದಕ್ಕಿಂತ ಒಳ್ಳೆಯದು ಬೇಕೇ?”

ಕೂದಲಿನ ಎರಡೂ ಅಂಚು ಕತ್ತರಿಸಿದಂತಿದ್ದವು. ಅರ್ಧ ರೀಲು ಆಗುವ ಹೊತ್ತಿಗೆ ಅದು ನಿಧಾನವಾಗಿ ಬಾಗಿ, ಚಿತ್ರದ ತಳಕ್ಕೆ ಬಂದು ಮಲಗಿತು. ಮಲಗಿದ್ದೇ ತಡ ಅರ್ಧಕ್ಕರ್ಧ ತೆಳ್ಳಗಾಯಿತು.

“ಈಗ ಒಳಗಿನ ಲೆನ್ಸ್ ನೋಡು” ಎಂದರು ಮಾವ.